ಸಾವನದುರ್ಗದಿಂದ ಸಂಗಮದವರೆಗೆ: ದೂರದ ಅಧಿಕಾರವನ್ನು ಪ್ರಶ್ನಿಸಿದವರ ನೆಲದಲ್ಲಿ

ಬೆಂಗಳೂರಿನಿಂದ ಪಶ್ಚಿಮದ ಮಾಗಡಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ರಾಮನಗರ, ಚನ್ನಪಟ್ಟಣಗಳನ್ನು ಹಾದು, ಸಾತನೂರಿನ ಮೇಲೆ ಕನಕಪುರ ತಾಲ್ಲೂಕಿನ ಕಾವೇರಿ ತೀರವನ್ನು ಸೇರುವ ದಾರಿ ಉದ್ದದಲ್ಲಿ ದೊಡ್ಡದಲ್ಲ. ಆದರೂ ರಾಜ್ಯಾಧಿಕಾರ ಎಲ್ಲಿ ನೆಲೆಸಿರಬೇಕು, ಆಳಿಸಿಕೊಳ್ಳುವವರಿಂದ ಅದು ಎಷ್ಟು ದೂರದಲ್ಲಿರಬಹುದು ಎಂಬ ಪ್ರಶ್ನೆಯನ್ನು ಇಷ್ಟು ಬಗೆಗಳಲ್ಲಿ, ಇಷ್ಟು ಶತಮಾನಗಳ ಕಾಲ ಎದುರಿಸಿದ ನೆಲ ಕರ್ನಾಟಕದಲ್ಲಿ ವಿರಳ. ಇದೇ ಪ್ರಶ್ನೆಯನ್ನು 1787 ಮತ್ತು 1788ರಲ್ಲಿ ಅಮೆರಿಕದ ಹದಿಮೂರು ರಾಜ್ಯಗಳ ಜನ ಊರೂರಿನ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ತೀವ್ರವಾಗಿ ಚರ್ಚಿಸಿದರು. ಆ ಚರ್ಚೆಗೂ ಈ ಬಂಡೆಗಳ ಸೀಮೆಗೂ ಇರುವ ನಂಟು ಬರಿಯ ಹೋಲಿಕೆಯದಲ್ಲ. ಅದರಲ್ಲಿ ಒಂದು ಎಳೆ ನೇರವಾಗಿ ಸಾವನದುರ್ಗದ ಬಂಡೆಯವರೆಗೆ ಬರುತ್ತದೆ, ಇನ್ನೊಂದು ರಾಮನಗರದ ಪಕ್ಕದ ಒಂದು ಹಳ್ಳಿಯಿಂದ ದೆಹಲಿಯ ಸಂವಿಧಾನ ಸಭೆಗೆ ಹೋಗುತ್ತದೆ.

ಮಾಗಡಿಯು ಕೆಂಪೇಗೌಡರ ವಂಶದ ಕೊನೆಯ ನೆಲೆ. ಈ ವಂಶದವರು ಪಾಳೆಯಗಾರರು, ಎಂದರೆ ವಿಜಯನಗರದಂಥ ದೊಡ್ಡ ಪ್ರಭುತ್ವಕ್ಕೆ ಕಪ್ಪ ಮತ್ತು ಸೈನ್ಯವನ್ನು ಒದಗಿಸುವ ಕರಾರಿನ ಮೇಲೆ ಒಂದು ಸೀಮೆಯ ಕಂದಾಯ, ನ್ಯಾಯ ಮತ್ತು ಕಾವಲನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಸ್ಥಳೀಯ ಒಡೆಯರು. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡನು ಸಾಮ್ರಾಟನ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಹೊರಡಿಸಿದ್ದಕ್ಕಾಗಿ ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಕಳೆದನೆಂದು ಪರಂಪರೆ ಹೇಳುತ್ತದೆ. ನಾಣ್ಯವನ್ನು ಟಂಕಿಸುವ ಹಕ್ಕು ಯಾರದ್ದು ಎಂಬುದು ಸಣ್ಣ ಜಗಳವಲ್ಲ. ಎರಡೂವರೆ ಶತಮಾನದ ಅನಂತರ ಅಮೆರಿಕದ ಹೊಸ ಸಂವಿಧಾನವು ರಾಜ್ಯಗಳಿಂದ ಕಿತ್ತುಕೊಂಡ ಮೊದಲ ಅಧಿಕಾರಗಳಲ್ಲಿ ನಾಣ್ಯ ಮತ್ತು ಕಾಗದದ ಹಣವನ್ನು ಹೊರಡಿಸುವುದೂ ಒಂದಾಗಿತ್ತು, ಮತ್ತು ಸಾಲದಲ್ಲಿ ಮುಳುಗಿದ್ದ ರೋಡ್ ಐಲೆಂಡ್ ರಾಜ್ಯದ ರೈತರು ಆ ಸಂವಿಧಾನವನ್ನು ಹಲವು ಸಲ ತಿರಸ್ಕರಿಸಲು ಅದು ಮುಖ್ಯ ಕಾರಣವಾಯಿತು.

1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ವಶಪಡಿಸಿಕೊಂಡ ಮೇಲೆ ಕೆಂಪೇಗೌಡರ ವಂಶ ಮಾಗಡಿಗೆ ಸರಿದು, ಪಟ್ಟಣದ ದಕ್ಷಿಣಕ್ಕಿರುವ ಸಾವನದುರ್ಗವನ್ನು ತನ್ನ ಬಲವಾಗಿ ನಂಬಿತು. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಭಾಗಗಳ ಈ ಏಕಶಿಲೆ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಎದ್ದಿದೆ. ವೀರಭದ್ರ ಮತ್ತು ನರಸಿಂಹರ ಗುಡಿಗಳಿರುವ ತಪ್ಪಲಿನಲ್ಲಿ ನಿಂತು ಮೇಲೆ ನೋಡಿದವನಿಗೆ, ಇಂಥ ಕಲ್ಲನ್ನು ಬೆನ್ನಿಗಿಟ್ಟುಕೊಂಡ ಒಬ್ಬ ಒಡೆಯನು ದೂರದ ಅರಸನ ಆಜ್ಞೆಯನ್ನು ತೂಗಿ ನೋಡಿ ಪಾಲಿಸುವ ಧೈರ್ಯ ಎಲ್ಲಿಂದ ಪಡೆಯುತ್ತಿದ್ದನೆಂಬುದು ತಾನಾಗಿ ತಿಳಿಯುತ್ತದೆ. ಆದರೆ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಅಠಾರ ಕಚೇರಿಗಳೆಂಬ ಹದಿನೆಂಟು ಇಲಾಖೆಗಳ ಆಡಳಿತವನ್ನು ಕಟ್ಟಿ ಶ್ರೀರಂಗಪಟ್ಟಣವನ್ನು ಬಲಪಡಿಸಿದ ಮೇಲೆ ಪಾಳೆಯಗಾರರ ದಿನಗಳು ಮುಗಿಯುತ್ತ ಬಂದವು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದನು. ಸೆರೆಸಿಕ್ಕ ಕೊನೆಯ ಕೆಂಪೇಗೌಡನು ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು.

ಅಮೆರಿಕದ ಎಳೆ ಇಲ್ಲಿಯೇ ಬಂದು ಸೇರುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಹೋಗುವ ಮುನ್ನ ತನ್ನ ಸರಬರಾಜಿನ ದಾರಿಗಳನ್ನು ಭದ್ರಪಡಿಸಿಕೊಳ್ಳಲು ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕೈಯಲ್ಲಿದ್ದ ಸಾವನದುರ್ಗಕ್ಕೆ ಮುತ್ತಿಗೆ ಹಾಕಿ 1791ರ ಡಿಸೆಂಬರ್ 21ರಂದು ಅದನ್ನು ಹಿಡಿಯಿತು. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷ ಮುಂಚೆ, 1781ರ ಅಕ್ಟೋಬರಿನಲ್ಲಿ, ಯಾರ್ಕ್‌ಟೌನಿನಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಪಡೆಗಳಿಗೆ ಶರಣಾಗಿದ್ದವನು. ಸಾವನದುರ್ಗ ಬೀಳುವುದಕ್ಕೆ ಆರು ದಿನ ಮೊದಲು, 1791ರ ಡಿಸೆಂಬರ್ 15ರಂದು, ಆ ಸೋಲಿನಿಂದ ಸ್ವತಂತ್ರಗೊಂಡ ದೇಶದಲ್ಲಿ ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳು ಜಾರಿಗೆ ಬಂದಿದ್ದವು. ಹಕ್ಕುಗಳ ಮಸೂದೆ ಎಂದು ಕರೆಯಲಾಗುವ ಆ ತಿದ್ದುಪಡಿಗಳು ಬಲಿಷ್ಠ ಕೇಂದ್ರವನ್ನು ವಿರೋಧಿಸಿ ಸೋತವರು ಗೆದ್ದವರಿಂದ ಪಡೆದುಕೊಂಡ ಪಾಲು.

ಆ ವಿರೋಧಿಗಳನ್ನು ಆ್ಯಂಟಿ-ಫೆಡರಲಿಸ್ಟರು ಎನ್ನುತ್ತಾರೆ. 1781ರಿಂದ ಜಾರಿಯಲ್ಲಿದ್ದ ಹಳೆಯ ಒಡಂಬಡಿಕೆಯಲ್ಲಿ ಕೇಂದ್ರದ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವೇ ಇರಲಿಲ್ಲ. ರಾಜ್ಯಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಸರಿಪಡಿಸಲು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಮುಚ್ಚಿದ ಬಾಗಿಲ ಹಿಂದೆ ಕೂಡಿದ 55 ಪ್ರತಿನಿಧಿಗಳು ಹಳೆಯದನ್ನು ತಿದ್ದುವ ಬದಲು ಹೊಸ ಸಂವಿಧಾನವನ್ನೇ ರಚಿಸಿ, ತೆರಿಗೆ, ಸೇನೆ, ವಾಣಿಜ್ಯ ಮತ್ತು ಮೇಲ್ಮಟ್ಟದ ನ್ಯಾಯಾಂಗವನ್ನು ಕೇಂದ್ರಕ್ಕೆ ಒಪ್ಪಿಸಿದರು. ವರ್ಜೀನಿಯಾದ ಜಾರ್ಜ್ ಮೇಸನ್ ಅದರಲ್ಲಿ ಹಕ್ಕುಗಳ ಘೋಷಣೆಯಿಲ್ಲವೆಂಬ ಕಾರಣಕ್ಕೆ ಸಹಿ ಹಾಕಲಿಲ್ಲ. ನ್ಯೂಯಾರ್ಕಿನಲ್ಲಿ ಬ್ರೂಟಸ್ ಎಂಬ ಗುಪ್ತನಾಮದಿಂದ ಬರೆದ ಲೇಖಕನು, ಇಷ್ಟು ವಿಶಾಲವಾದ ದೇಶದಲ್ಲಿ ಪ್ರತಿನಿಧಿಯು ತನ್ನನ್ನು ಆರಿಸಿದವರ ಬದುಕನ್ನು ಅರಿಯಲಾರನು, ಜನರು ಅವನನ್ನು ಅರಿಯಲಾರರು, ಕೊನೆಗೆ ಪರಸ್ಪರ ವಿಶ್ವಾಸವಿಲ್ಲದ ಆಳ್ವಿಕೆಯನ್ನು ಸೇನೆಯ ಬಲದಿಂದಲೇ ನಡೆಸಬೇಕಾಗುತ್ತದೆ ಎಂದು ವಾದಿಸಿದನು. ಮ್ಯಾಸಚೂಸೆಟ್ಸ್‌ನ ಸಭೆಯಲ್ಲಿ ಏಮಸ್ ಸಿಂಗಲ್‌ಟರಿ ಎಂಬ ಗ್ರಾಮೀಣ ಪ್ರತಿನಿಧಿಯು, ವಕೀಲರೂ ಹಣವಂತರೂ ಈ ಸಂವಿಧಾನದ ಮೂಲಕ ಎಲ್ಲ ಅಧಿಕಾರವನ್ನು ಕೈಗೆ ತೆಗೆದುಕೊಂಡು ಸಣ್ಣ ಜನರನ್ನು ನುಂಗಿಬಿಡುವರೆಂಬ ಆತಂಕವನ್ನು ತೋಡಿಕೊಂಡನು. ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿಯು, ರಾಜ್ಯಗಳ ಹೆಸರಿನಲ್ಲಿ ಅಲ್ಲದೆ ಇಡೀ ಜನರ ಹೆಸರಿನಲ್ಲಿ ಮಾತನಾಡುವ ಹಕ್ಕನ್ನು ಫಿಲಡೆಲ್ಫಿಯಾದವರಿಗೆ ಕೊಟ್ಟವರು ಯಾರು ಎಂದು ಕೇಳಿದನು. ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27 ಮತಗಳ ಅಂತರದಿಂದ ಮಾತ್ರ ಸಂವಿಧಾನವು ಅಂಗೀಕಾರ ಪಡೆಯಿತು. ರೋಡ್ ಐಲೆಂಡ್ 1790ರ ಮೇ ತಿಂಗಳವರೆಗೆ ಹೊರಗೇ ಉಳಿಯಿತು. ಸಂವಿಧಾನವು ಕೇಂದ್ರಕ್ಕೆ ಕೊಡದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವೆಂದು ಹೇಳುವ ಹತ್ತನೆಯ ತಿದ್ದುಪಡಿಯಲ್ಲಿ ಈ ವಿರೋಧದ ಗುರುತು ಇಂದಿಗೂ ಉಳಿದಿದೆ.

ಮಾಗಡಿಯ ಕೆಂಪೇಗೌಡನನ್ನು ಪ್ಯಾಟ್ರಿಕ್ ಹೆನ್ರಿಯ ಸಾಲಿನಲ್ಲಿ ನಿಲ್ಲಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯವಾದೀತು. ಪಾಳೆಯಗಾರನು ಕಾಪಾಡಿಕೊಂಡದ್ದು ತನ್ನ ಮನೆತನದ ಅಧಿಕಾರವನ್ನೇ ಹೊರತು ರೈತನ ಹಕ್ಕನ್ನಲ್ಲ. ಅವನ ಸೀಮೆಯ ಒಕ್ಕಲಿಗೆ ಅವನೇ ಕೇಂದ್ರವಾಗಿದ್ದನು. ಅಮೆರಿಕದ ವಿರೋಧಿಗಳಲ್ಲಿಯೂ ಈ ಕೊರತೆ ಇತ್ತು: ಮೇಸನ್ ಮತ್ತು ಹೆನ್ರಿ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು, ಮತ್ತು ಅವರು ಎತ್ತಿಹಿಡಿದ ರಾಜ್ಯಗಳ ಹಕ್ಕಿನ ವಾದವನ್ನು ಮುಂದೆ ಗುಲಾಮಗಿರಿಯ ರಕ್ಷಣೆಗೂ ಬಳಸಲಾಯಿತು. ದೂರದ ಅಧಿಕಾರವನ್ನು ವಿರೋಧಿಸುವವನು ಹತ್ತಿರದ ಅಧಿಕಾರವನ್ನು ಯಾರ ಕೈಗೆ ಕೊಡಬಯಸುತ್ತಾನೆಂಬುದನ್ನು ಕೇಳದೆ ಅವನ ವಾದವನ್ನು ಒಪ್ಪಲಾಗದು. ಈ ಪ್ರಯಾಣದ ಮುಂದಿನ ಊರುಗಳಲ್ಲಿ ಅದೇ ಪ್ರಶ್ನೆ ಹೆಚ್ಚು ಮೊನಚಾಗುತ್ತದೆ.

ಮಾಗಡಿಯಿಂದ ರಾಮನಗರಕ್ಕೆ ಇಳಿಯುವ ದಾರಿಯ ಇಕ್ಕೆಲಗಳಲ್ಲಿ ಕಾಣುವ ಗುಲಾಬಿ ಬೂದು ಬಣ್ಣದ ಬಂಡೆಗಳನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಶ್ರೀರಂಗಪಟ್ಟಣದ ಪತನದ ಅನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ, ಎಂದರೆ ಅರಸನ ಆಸ್ಥಾನದಲ್ಲಿ ಕಂಪನಿಯ ಪರವಾಗಿ ಕಣ್ಣಿಟ್ಟು ಕೂತಿದ್ದ ಅಧಿಕಾರಿಯಾದ, ಬ್ಯಾರಿ ಕ್ಲೋಸನ ಹೆಸರನ್ನು ಈ ಪಟ್ಟಣ ಒಂದೂವರೆ ಶತಮಾನದಷ್ಟು ಕಾಲ ಹೊತ್ತಿತ್ತು. ಈಗ ಪಟ್ಟಣದ ಹೆಸರಿನಿಂದ ಅವನು ಹೋಗಿ ಬಂಡೆಯ ಹೆಸರಿನಲ್ಲಿ ಉಳಿದಿದ್ದಾನೆ. 2007ರಲ್ಲಿ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಅದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಕರೆಯಲು ತೀರ್ಮಾನಿಸಿತು. ರಾಜಧಾನಿಯ ಹೆಸರನ್ನು ಪಡೆದರೆ ಭೂಮಿಗೂ ಉದ್ಯಮಕ್ಕೂ ಬೆಲೆ ಬರುತ್ತದೆಂಬ ಲೆಕ್ಕ ಒಂದು ಕಡೆಗೆ, ಊರಿನ ಗುರುತು ರಾಜಧಾನಿಯ ಒಂದು ದಿಕ್ಕಾಗಿ ಕರಗುತ್ತದೆಂಬ ನೋವು ಇನ್ನೊಂದು ಕಡೆಗೆ. ಎರಡನೆಯದನ್ನು ಭಾವುಕತೆಯೆಂದು ತಳ್ಳಿಹಾಕುವುದು ಸರಿಯಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗು ಕಳೆದವನಿಗೆ ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯು ಕಾನೂನು ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರೈತರು ಮೂಟೆಗಳಲ್ಲಿ ತಂದು ಸುರಿಯುತ್ತಾರೆ. ರೀಲರುಗಳು, ಎಂದರೆ ಗೂಡಿನಿಂದ ನೂಲು ಬಿಚ್ಚುವವರು, ಗೂಡನ್ನು ಕೈಯಲ್ಲಿ ಹಿಡಿದು ಅಳೆದು ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ. ಗೂಡನ್ನು ಸರ್ಕಾರದ ಮಾರುಕಟ್ಟೆಯಲ್ಲಿಯೇ ಹರಾಜಿನ ಮೂಲಕ ಮಾರಬೇಕೆಂಬ ವ್ಯವಸ್ಥೆ 1959ರ ರಾಜ್ಯ ಕಾಯಿದೆಯಿಂದ ಬಂದದ್ದು. ಸಂವಿಧಾನದ ಏಳನೆಯ ಅನುಸೂಚಿ, ಅಂದರೆ ಯಾವ ವಿಷಯದಲ್ಲಿ ಯಾರು ಶಾಸನ ಮಾಡಬೇಕೆಂದು ಹೇಳುವ ಪಟ್ಟಿ, ಕೃಷಿಯನ್ನು ರಾಜ್ಯಕ್ಕೆ ಕೊಟ್ಟಿದೆ. ಆಮದು ಸುಂಕವನ್ನು ಕೇಂದ್ರಕ್ಕೆ ಕೊಟ್ಟಿದೆ. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ಅಗ್ಗವಾಗಿ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು; 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು. ಬನಾರಸಿನ ನೇಕಾರನಿಗೆ ಅಗ್ಗದ ನೂಲು ಬೇಕಿತ್ತು, ರಾಮನಗರದ ಬೆಳೆಗಾರನಿಗೆ ಗೂಡಿಗೆ ಬೆಲೆ ಬೇಕಿತ್ತು, ಮತ್ತು ಇಬ್ಬರ ನಡುವೆ ತೀರ್ಮಾನಿಸುವ ಅಧಿಕಾರ ಇಬ್ಬರಿಗೂ ದೂರದಲ್ಲಿತ್ತು. ಒಂದು ದೇಶಕ್ಕೆ ಒಂದೇ ಸುಂಕವಿರಬೇಕೆಂಬುದು ನ್ಯಾಯವೇ. ಆದರೆ ಆ ಸುಂಕವನ್ನು ಗೊತ್ತುಮಾಡುವ ಮೇಜಿನ ಬಳಿ ಗೂಡು ಬೆಳೆಯುವವನ ಮಾತು ಮುಂಚಿತವಾಗಿ ತಲುಪುವ ದಾರಿ ಇರಲೇಬೇಕೆಂಬುದೂ ಅಷ್ಟೇ ನ್ಯಾಯ.

ಆ ದಾರಿಯನ್ನು ಸಂವಿಧಾನದಲ್ಲಿಯೇ ತೆರೆದಿಡಬೇಕೆಂದು ಬಯಸಿದವರಲ್ಲಿ ಒಬ್ಬರು ಇದೇ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು. ಅವರ ಹೆಸರಿನೊಂದಿಗೆ ಸೇರಿಕೊಂಡ ಕೆಂಗಲ್ ಎಂಬುದು ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಆಂಜನೇಯ ಕ್ಷೇತ್ರ. ಮೈಸೂರಿಗೆ ಹೋಗುವವರು ಇಂದಿಗೂ ಅಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುತ್ತಾರೆ. ಹನುಮಂತಯ್ಯನವರನ್ನು ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿಯೆಂದು ನಾಡು ನೆನೆಯುತ್ತದೆ. ಆದರೆ ಭಾರತದ ಸಂವಿಧಾನ ಸಭೆಯಲ್ಲಿ ಮೈಸೂರು ಸಂಸ್ಥಾನದ ಏಳು ಪ್ರತಿನಿಧಿಗಳಲ್ಲಿ ಒಬ್ಬರಾಗಿ ಅವರು ಎತ್ತಿದ ಆಕ್ಷೇಪಕ್ಕೆ ಅದಕ್ಕಿಂತ ಕಡಿಮೆಯಲ್ಲದ ಮಹತ್ವವಿದೆ, ಮತ್ತು ಅದನ್ನು ಅವರ ಸ್ವಂತ ಜಿಲ್ಲೆಯೇ ಸಾಕಷ್ಟು ನೆನೆದಿಲ್ಲ.

ಆ ಆಕ್ಷೇಪದ ಹಿನ್ನೆಲೆ ಹೀಗಿದೆ. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಬಂದ ಧ್ಯೇಯಗಳ ನಿರ್ಣಯವು ಶೇಷಾಧಿಕಾರವನ್ನು, ಅಂದರೆ ಯಾವ ಪಟ್ಟಿಯಲ್ಲಿಯೂ ಹೆಸರಿಸದೆ ಉಳಿದ ಅಧಿಕಾರವನ್ನು, ಪ್ರಾಂತಗಳಿಗೇ ಬಿಡುವ ಮಾತನ್ನಾಡಿತ್ತು. 1947ರ ಜೂನ್ 3ರಂದು ದೇಶ ವಿಭಜನೆಯ ಯೋಜನೆ ಪ್ರಕಟವಾದ ಮೇಲೆ ದೃಷ್ಟಿ ಬದಲಾಯಿತು. ಒಡೆದ ದೇಶವನ್ನು ಹಿಡಿದು ನಿಲ್ಲಿಸಲು ಬಲಿಷ್ಠ ಕೇಂದ್ರ ಬೇಕೆಂಬ ಅಭಿಪ್ರಾಯ ಗಟ್ಟಿಯಾಗಿ, ಶೇಷಾಧಿಕಾರವು ಕೇಂದ್ರಕ್ಕೆ ಹೋಯಿತು, ರಾಜ್ಯದ ಗಡಿಯನ್ನು ಅದರ ಒಪ್ಪಿಗೆಯಿಲ್ಲದೆ ಬದಲಿಸುವ ಅಧಿಕಾರ ಸಂಸತ್ತಿಗೆ ದೊರೆಯಿತು, ರಾಜ್ಯ ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೆಯ ವಿಧಿ ಸೇರಿತು. 1949ರ ನವೆಂಬರಿನಲ್ಲಿ ಕರಡು ಅಂತಿಮ ಹಂತಕ್ಕೆ ಬಂದಾಗ ಹನುಮಂತಯ್ಯನವರು, ತಾವು ವೀಣೆ ಅಥವಾ ಸಿತಾರಿನ ಸಂಗೀತವನ್ನು ಬಯಸಿದ್ದರೆ ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬ ಅರ್ಥದ ಮಾತನಾಡಿದರು. ಗಾಂಧೀಜಿ ಬಯಸಿದ್ದು ಹಳ್ಳಿಯ ತಳಹದಿಯಿಂದ ಮೇಲಕ್ಕೆ ಏಳುವ ರಚನೆಯನ್ನು. ಸಿದ್ಧವಾಗಿದ್ದು ಮೇಲಿನಿಂದ ಕೆಳಕ್ಕೆ ಇಳಿಯುವ ರಚನೆ ಎಂಬುದು ಅವರ ಆಕ್ಷೇಪದ ತಿರುಳಾಗಿತ್ತು. ಅದೇ ತಿಂಗಳ 25ರಂದು ಡಾ. ಅಂಬೇಡ್ಕರ್ ಅತಿಕೇಂದ್ರೀಕರಣದ ದೂರಿಗೆ ಉತ್ತರಿಸುತ್ತ, ಸಾಮಾನ್ಯ ಕಾಲದಲ್ಲಿ ರಾಜ್ಯಗಳ ಅಧಿಕಾರವು ಕೇಂದ್ರದ ಕೃಪೆಯಿಂದಲ್ಲ, ಸಂವಿಧಾನದಿಂದಲೇ ಬರುತ್ತದೆಂದು ವಿವರಿಸಿದರು. ಹಳ್ಳಿಯನ್ನು ಆದರ್ಶವೆಂದು ಕೊಂಡಾಡುವುದನ್ನು ಅವರು ಒಪ್ಪಿರಲಿಲ್ಲ. ಹತ್ತಿರದ ಅಧಿಕಾರ ಜಾತಿಯ ಕೈಗೆ ಸಿಕ್ಕಾಗ ಏನಾಗುತ್ತದೆಂಬುದನ್ನು ಬದುಕಿನಲ್ಲಿ ಕಂಡವರ ಎಚ್ಚರ ಅದು. ಇಬ್ಬರ ಮಾತನ್ನೂ ಒಟ್ಟಿಗೆ ಓದದೆ ಈ ಚರ್ಚೆಯನ್ನು ಅರಿಯಲು ಸಾಧ್ಯವಿಲ್ಲ.

ಹನುಮಂತಯ್ಯನವರದು ಸಂಕುಚಿತ ಸ್ಥಳೀಯತೆಯಾಗಿರಲಿಲ್ಲ. 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದಾಗ, ಹಳೆಯ ಮೈಸೂರಿನ ಅನೇಕ ನಾಯಕರು ವಿಶಾಲ ಕರ್ನಾಟಕದಲ್ಲಿ ತಮ್ಮ ಪ್ರಾಬಲ್ಯ ಕರಗುವುದೆಂದು ಹಿಂಜರಿದರೂ, ಅವರು ಏಕೀಕರಣದ ಪರವಾಗಿ ನಿಂತರು. 1967ರಲ್ಲಿ ಮೊರಾರ್ಜಿ ದೇಸಾಯಿಯವರ ಅನಂತರ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಅವರಿಗೆ ಬಂದಿತು. 1969ರಲ್ಲಿ ಆ ಆಯೋಗವು ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ಕುರಿತ ವರದಿಯಲ್ಲಿ ಅಂತರರಾಜ್ಯ ಪರಿಷತ್ತನ್ನು ಸ್ಥಾಪಿಸುವಂತೆ ಶಿಫಾರಸು ಮಾಡಿತು. ಆ ಪರಿಷತ್ತು ರಚನೆಯಾದದ್ದು 1990ರಲ್ಲಿ, ಹನುಮಂತಯ್ಯನವರು ತೀರಿಕೊಂಡು ಹತ್ತು ವರ್ಷವಾಗುತ್ತ ಬಂದಿದ್ದಾಗ.

ಚನ್ನಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ತಾಳೀಕೋಟೆಯ ಯುದ್ಧದ ಅನಂತರ ವಿಜಯನಗರಕ್ಕೆ ಪೆನುಕೊಂಡೆಯನ್ನು ಉಳಿಸಿಕೊಟ್ಟ ಜಗದೇವರಾಯನಿಗೆ ಈ ಸೀಮೆ ದೊರೆಯಿತು; 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅವನ ವಂಶದಿಂದ ಅದನ್ನು ಗೆದ್ದುಕೊಂಡರು. ಮಾಗಡಿಗಿಂತ ಸುಮಾರು ಒಂದು ಶತಮಾನ ಮೊದಲೇ ಇಲ್ಲಿ ಪಾಳೆಯದ ಕಾಲ ಮುಗಿಯಿತು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಬೊಂಬೆ ಕೆಲಸದ ಕೇರಿಗಳಲ್ಲಿ ಆ ಗತಕಾಲದ ನೆರಳು ಕಾಣುವುದಿಲ್ಲ.

ಸಾತನೂರಿನ ಮೇಲೆ ದಕ್ಷಿಣಕ್ಕೆ ಹೋದಂತೆ ರಾಗಿ ಹೊಲಗಳು ತೆಳುವಾಗಿ ಕಾಡು ದಟ್ಟವಾಗುತ್ತದೆ. ಕೊನೆಗೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ, ಅದರಾಚೆ ಕಾವೇರಿಯು ಕಿರಿದಾದ ಕಲ್ಲಿನ ಕಣಿವೆಯಲ್ಲಿ ನುಗ್ಗುವ ಮೇಕೆದಾಟು. ಕೇಂದ್ರವನ್ನು ವಿರೋಧಿಸುವ ವಾದಕ್ಕೆ ಅತ್ಯಂತ ಕಠಿಣ ಪರೀಕ್ಷೆ ಇಲ್ಲಿದೆ. 67.16 ಟಿಎಂಸಿ ನೀರನ್ನು ಹಿಡಿದಿಡುವ ಸಮತೋಲನ ಜಲಾಶಯವನ್ನು ಇಲ್ಲಿ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಒದಗಿಸಬೇಕೆಂಬುದು ಕರ್ನಾಟಕದ ಯೋಜನೆ. ಕೆಳಹರಿವಿನ ತಮಿಳುನಾಡು ಅದನ್ನು ವಿರೋಧಿಸುತ್ತದೆ. ವಿವರವಾದ ಯೋಜನಾ ವರದಿ ಸಿದ್ಧಪಡಿಸಲು 2018ರಲ್ಲಿ ಅನುಮತಿ ಕೊಟ್ಟದ್ದು ಕೇಂದ್ರ ಜಲ ಆಯೋಗ. ಎರಡು ರಾಜ್ಯಗಳ ನಡುವೆ ಹರಿಯುವ ನದಿಗೆ ಇಬ್ಬರಿಗೂ ಸೇರದ ಒಬ್ಬ ತೀರ್ಪುಗಾರ ಬೇಕು. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿಯು 2007ರಲ್ಲಿ ಅಂತಿಮ ತೀರ್ಪು ನೀಡಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಪರಿಷ್ಕರಿಸಿತು. ಅಮೆರಿಕದ ಬಲಿಷ್ಠ ಕೇಂದ್ರದ ಹುಟ್ಟಿನ ಹಿಂದೆಯೂ ಒಂದು ನದಿಯಿದೆ: ಪೊಟೊಮ್ಯಾಕ್ ನದಿಯ ಸಂಚಾರದ ವಿಷಯದಲ್ಲಿ ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ರಾಜ್ಯಗಳು 1785ರಲ್ಲಿ ಮೌಂಟ್ ವರ್ನನ್‌ನಲ್ಲಿ ಕೂಡಿ ಮಾತನಾಡಿದವು, ಅದು ಮರುವರ್ಷದ ಅನಾಪೊಲಿಸ್ ಸಭೆಗೆ ದಾರಿಯಾಯಿತು, ಆ ಸಭೆಯ ಕರೆಯಿಂದಲೇ ಫಿಲಡೆಲ್ಫಿಯಾದ ಸಮಾವೇಶ ನಡೆಯಿತು. ಬ್ರೂಟಸನ ಲೇಖನಗಳು ಪ್ರತಿನಿಧಿತ್ವದ ಬಗ್ಗೆ ಎಷ್ಟು ಆಳವಾಗಿವೆಯೋ, ನೆರೆಯ ರಾಜ್ಯಗಳು ಹಠ ಹಿಡಿದಾಗ ತೀರಿಸುವವರು ಯಾರು ಎಂಬಲ್ಲಿ ಅಷ್ಟು ತೃಪ್ತಿ ಕೊಡುವುದಿಲ್ಲ.

ಸಂಗಮದಿಂದ ಉತ್ತರಕ್ಕೆ ಹಿಂತಿರುಗಿದರೆ ಸಿಗುವ ಕನಕಪುರಕ್ಕೆ, ಹಿಂದಿನ ಕಂಕಾನಹಳ್ಳಿಗೆ, ಈ ಕಥನದಲ್ಲಿ ವಿಶೇಷ ಸ್ಥಾನವಿದೆ. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ವಿಧಾನಸಭೆಗೆ ಬಂದದ್ದು ಆ ವರ್ಷ ಕನಕಪುರದಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಕೂಡಿಸಿ ರಾಜ್ಯಗಳ ಅಧಿಕಾರದ ಪ್ರಶ್ನೆಯನ್ನು ಮುಂದಿಟ್ಟರು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿಯವರು ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ಪರಿಶೀಲಿಸಲು ಸರ್ಕಾರಿಯಾ ಆಯೋಗವನ್ನು ಘೋಷಿಸಿದರು. ಹೆಗಡೆಯವರ ಅನಂತರ ಬಂದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ 356ನೆಯ ವಿಧಿಯಡಿ ವಜಾ ಮಾಡಿದಾಗ ಅವರು ನ್ಯಾಯಾಲಯದ ಮೊರೆಹೋದರು, ಮತ್ತು 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತವನ್ನು ಪರೀಕ್ಷಿಸಬೇಕಾದ ಸ್ಥಳ ಸದನವೇ ಹೊರತು ರಾಜಭವನವಲ್ಲ ಎಂದು ತೀರ್ಪಿತ್ತಿತು. 1949ರಲ್ಲಿ ಸಂವಿಧಾನಕ್ಕೆ ಸೇರಿದ ಆ ವಿಧಿಗೆ ಕಡಿವಾಣ ಬಿದ್ದದ್ದು ಕರ್ನಾಟಕದ ಮೊಕದ್ದಮೆಯಿಂದ.

ಹೆಗಡೆಯವರ ಸರ್ಕಾರದ ಹೆಚ್ಚಿನ ಹಿರಿಮೆ ಇರುವುದು ದೆಹಲಿಯಿಂದ ಕೇಳಿದ್ದರಲ್ಲಿ ಅಲ್ಲ, ತಾನು ಬಿಟ್ಟುಕೊಟ್ಟದ್ದರಲ್ಲಿ. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಇಲಾಖೆ, ಹಣ, ನೌಕರರನ್ನು ಒಪ್ಪಿಸಿತು. 1987ರಲ್ಲಿ ನಡೆದ ಚುನಾವಣೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಯಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಗೆ ಈ ಪ್ರಯೋಗ ಒಂದು ಮುಖ್ಯ ಮಾದರಿಯಾಗಿತ್ತು. ಆದರೂ 1992ರಲ್ಲಿ ಮೊದಲ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಾಗಲೂ ಅದೇ ನಡೆಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತಿದ್ದರೂ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು, ಮೀಸಲಾತಿಯ ವಿವಾದ ನ್ಯಾಯಾಲಯದಲ್ಲಿ ಬೆಳೆಯಿತು, ವರ್ಷಗಳು ಉರುಳಿದವು, ಒಂದರ ಹಿಂದೊಂದು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು. ತೆರಿಗೆ ಪಾಲಿಗಾಗಿ ದೆಹಲಿಯ ಮುಂದೆ ನ್ಯಾಯವಾಗಿಯೇ ವಾದಿಸುವ ಬೆಂಗಳೂರು ಈ ವಿಷಯದಲ್ಲಿ ಕನಕಪುರದ ಹಳ್ಳಿಗಳಿಗೆ ಕೊಡಬೇಕಾದ ಉತ್ತರವನ್ನು ಕೊಟ್ಟಿಲ್ಲ. ಅಷ್ಟೂ ಕಾಲ ಸಂಗಮದ ದಾರಿಯ ಹಳ್ಳಿಯವರು ಶಾಲೆಯ ಸೂರು, ಕೆರೆಯ ತೂಬು, ಕುಡಿಯುವ ನೀರಿನ ಕೊಳವೆಯ ದೂರುಗಳನ್ನು ಜಿಲ್ಲಾ ಮಟ್ಟದಲ್ಲಿ ಒಯ್ದದ್ದು ತಾವು ಆರಿಸಿದ ಸದಸ್ಯರ ಬಳಿಗಲ್ಲ, ಬೆಂಗಳೂರು ನೇಮಿಸಿದ ಅಧಿಕಾರಿಯ ಬಳಿಗೆ.